ದವಡೆಯ ಕೀಲು: ಚಿತ್ರಕ್ಕೆ ಮೊದಲು ಕೈಪರೀಕ್ಷೆ ಆಗಲಿ

ಬೀದರ್, ಕಲಬುರಗಿ, ರಾಯಚೂರು ಕಡೆಯವರು ದೊಡ್ಡ ಚಿಕಿತ್ಸೆಗೆ ಹೈದರಾಬಾದಿನ ದಾರಿ ಹಿಡಿಯುವುದು ಹಳೆಯ ರೂಢಿ. ಆಕಳಿಸಿದರೆ ಕಿವಿಯ ಮುಂದೆ ಲಟಕ್ ಎನ್ನುತ್ತದೆ, ರೊಟ್ಟಿ ಅಗಿದರೆ ದವಡೆ ನೋಯುತ್ತದೆ ಎನ್ನುವವರಿಗೆ ಅಲ್ಲಿನ ವೈದ್ಯರು ಇಡೀ ದವಡೆ ಕಾಣುವ ಓಪಿಜಿ ಎಕ್ಸ್‌ರೇ, ಕೆಲವೊಮ್ಮೆ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಬರೆದುಕೊಡುತ್ತಾರೆ. ದಂತ ಕಾಲೇಜುಗಳಲ್ಲಿ ಸೇರುತ್ತ ಹೋಗುವ ಈ ಚಿತ್ರಗಳು ದವಡೆ ಕೀಲಿನ ಕಾಯಿಲೆಯ ಅಧ್ಯಯನಕ್ಕೆ ದೊಡ್ಡ ಆಸ್ತಿಯೇ. ಆದರೆ ಜತೆಗೆ ಕೈಪರೀಕ್ಷೆಯ ದಾಖಲೆ ಇಲ್ಲದಿದ್ದರೆ ಅವು ಸಂಶೋಧಕರನ್ನು ದಾರಿ ತಪ್ಪಿಸುತ್ತವೆ. ಓಪಿಜಿಯಲ್ಲಿ ತಲೆಬುರುಡೆಯ ನೆರಳು ಕೀಲಿನ ಮೇಲೆ ಬೀಳುತ್ತದೆ, ಮೂಳೆಯ ಆಕಾರವೂ ಓರೆಯಾಗಿ ಕಾಣುತ್ತದೆ. ಸಿಬಿಸಿಟಿ ಮೂಳೆಯ ಸವೆತವನ್ನು ಚೆನ್ನಾಗಿ ತೋರಿಸಿದರೂ ಎರಡು ಮೂಳೆಗಳ ನಡುವಿನ ಮೆತ್ತನೆಯ ಡಿಸ್ಕನ್ನು ತೋರಿಸದು. ಅದಕ್ಕೆ ಎಂಆರ್‌ಐ ಬೇಕು. ಅಲ್ಲೂ ತೊಡಕಿದೆ. ಯಾವ ನೋವೂ ಇಲ್ಲದವರನ್ನು ಎಂಆರ್‌ಐಗೆ ಒಳಪಡಿಸಿದಾಗ ಸುಮಾರು ಮೂವರಲ್ಲಿ ಒಬ್ಬರ ಡಿಸ್ಕ್ ಜಾಗ ಬಿಟ್ಟು ಸರಿದಿರುವುದು ಕಂಡಿದೆ. ಚಿತ್ರವನ್ನಷ್ಟೇ ನಂಬಿದರೆ ಇವರೆಲ್ಲ ರೋಗಿಗಳ ಪಟ್ಟಿಗೆ ಸೇರುತ್ತಾರೆ, ಸ್ನಾಯುನೋವಿನಿಂದ ನಿಜಕ್ಕೂ ನರಳುವವರು ಹೊರಗುಳಿಯುತ್ತಾರೆ.

ಕೈಪರೀಕ್ಷೆ ಮೊದಲು ಆಗಬೇಕೆನ್ನಲು ನಮ್ಮ ಭಾಗದಲ್ಲಿ ಇನ್ನೊಂದು ಕಾರಣವಿದೆ: ಗುಟ್ಕಾ. ಅದರಿಂದ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಬಿಗಿಯುತ್ತದೆ. ಮೂರು ಬೆರಳು ಹಿಡಿಸಬೇಕಾದ ಬಾಯಿಗೆ ಒಂದೇ ಬೆರಳು ಹಿಡಿಸುವ ಸ್ಥಿತಿ ಬಂದರೂ ಕೀಲಿನ ಚಿತ್ರ ನೆಟ್ಟಗಿರಬಹುದು. ಕೆನ್ನೆಯೊಳಗೆ ಬೆರಳಾಡಿಸಿದರೆ ಮಾತ್ರ ಆ ಗಟ್ಟಿ ಪಟ್ಟಿಗಳು ಸಿಗುತ್ತವೆ. ರೋಗಿಗಳ ಸಾಲು ಬಾಗಿಲಾಚೆಗೂ ಬೆಳೆದಿರುವಾಗ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ವೈದ್ಯರು ಕೇಳುವುದು ನ್ಯಾಯವೇ. ಆದರೆ ಬಾಯಿ ಎಷ್ಟು ತೆರೆಯುತ್ತದೆಂದು ಸ್ಕೇಲಿನಿಂದ ಅಳೆದು, ಅಗಿಯುವ ಸ್ನಾಯುಗಳನ್ನು ಒತ್ತಿ ನೋಡಲು ಕೆಲವೇ ನಿಮಿಷ ಸಾಕು. ಇದಕ್ಕಾಗಿ ಡಿಸಿ/ಟಿಎಂಡಿ ಎಂಬ ಅಂತರರಾಷ್ಟ್ರೀಯ ಮಾನದಂಡ 2014ರಲ್ಲೇ ಬಂದಿದೆ. ಚಿತ್ರ ತಡವಾದರೆ ಗಂಭೀರ ಕಾಯಿಲೆ ಕೈತಪ್ಪೀತೆಂಬ ಆತಂಕಕ್ಕೂ ಕೈಪರೀಕ್ಷೆಯೇ ಉತ್ತರ. ಗದ್ದ ಬಡಿದು ಬಿದ್ದ ಮಗುವಿನ ಬಾಯಿ ತೆರೆಯದಿದ್ದರೆ, ಊತ ಬೆಳೆಯುತ್ತಿದ್ದರೆ ಸ್ಕ್ಯಾನ್ ತಕ್ಷಣ ಆಗಲೇಬೇಕು. ಆದರೆ ಬರೀ ಲಟಕ್ ಸದ್ದಿದ್ದು ನೋವಿಲ್ಲದವರಿಗೆ ಓಪಿಜಿಗಿಂತ ಹಲವು ಪಟ್ಟು ವಿಕಿರಣದ ಸಿಬಿಸಿಟಿ ಏಕೆ? ಹೈದರಾಬಾದಿನ ಕಾಲೇಜುಗಳು ಪ್ರತಿ ಚಿತ್ರದ ಜತೆಗೆ ನೋವು, ಬಾಯಿಯ ಅಳತೆ, ಗುಟ್ಕಾ ಚಟ ಬರೆದಿಡುವ ಒಂದು ಹಾಳೆ ಸೇರಿಸಲಿ. ಅದರ ಪ್ರಶ್ನೆಗಳು ತೆಲುಗು, ಉರ್ದುವಿನ ಜತೆ ಕನ್ನಡದಲ್ಲೂ ಇರಲಿ. ಬೀದರಿನಿಂದ ಬಂದವರು ತಮ್ಮ ನೋವನ್ನು ಅಂದಾಜಿನ ಹಿಂದಿಯಲ್ಲಿ ಹೇಳುವಂತಾಗಬಾರದು.