ರೋಗಿಯ ಸಮ್ಮತಿಯೂ ವಿದ್ಯಾರ್ಥಿಯ ಕಲಿಕೆಯೂ

ವೈದ್ಯವಿದ್ಯೆಯು ಗ್ರಂಥಗಳಿಂದಷ್ಟೇ ಕರಗತವಾಗುವುದಿಲ್ಲ. ನಾಡಿಯ ಮಿಡಿತವನ್ನು ಬೆರಳೇ ಅರಿಯಬೇಕು. ಎದೆಯ ಸದ್ದನ್ನು ಕಿವಿಯೇ ಗುರುತಿಸಬೇಕು. ಇಂದಿನ ನುರಿತ ವೈದ್ಯರೆಲ್ಲರೂ ಒಂದು ಕಾಲದಲ್ಲಿ ಅನನುಭವಿ ವಿದ್ಯಾರ್ಥಿಗಳಾಗಿ ರೋಗಿಯ ಹಾಸಿಗೆಯ ಬಳಿ ನಿಂತವರೇ. ಆದುದರಿಂದ ವಿದ್ಯಾರ್ಥಿಗಳನ್ನು ಆಸ್ಪತ್ರೆಯಿಂದ ದೂರವಿಡಬೇಕೆಂದು ಯಾರೂ ವಾದಿಸಲಾರರು. ಪ್ರಶ್ನೆ ಇಷ್ಟೆ: ಕಲಿಯುವುದಕ್ಕಾಗಿ ರೋಗಿಯ ದೇಹವನ್ನು ಮುಟ್ಟುವ ಮುನ್ನ ಆ ರೋಗಿಯನ್ನು ಕೇಳಬೇಕೇ, ಬೇಡವೇ?

ಕೇಳದೆ ನಡೆದುದಕ್ಕೆ ನಿದರ್ಶನಗಳುಂಟು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಸ್ತ್ರೀಯರ ಆಸ್ಪತ್ರೆಯೊಂದರಲ್ಲಿ ಗರ್ಭಕೊರಳಿನ ರೋಗಕ್ಕೆ ದೊರೆತ ಚಿಕಿತ್ಸೆಯನ್ನು ಕುರಿತು ನ್ಯಾಯಾಧೀಶೆ ಸಿಲ್ವಿಯ ಕಾರ್ಟ್‌ರೈಟ್ ಅವರು ನಡೆಸಿದ ವಿಚಾರಣೆಯ ವರದಿ 1988ರಲ್ಲಿ ಹೊರಬಂದಿತು. ಅರಿವಳಿಕೆಯಿಂದ ಎಚ್ಚರ ತಪ್ಪಿದ ಸ್ತ್ರೀಯರ ಮೇಲೆ, ಅವರ ಸಮ್ಮತಿಯಿಲ್ಲದೆಯೇ, ವಿದ್ಯಾರ್ಥಿಗಳು ಒಳಪರೀಕ್ಷೆಯನ್ನು ಅಭ್ಯಾಸ ಮಾಡುತ್ತಿದ್ದ ಸಂಗತಿಯೂ ಆಗ ಬೆಳಕಿಗೆ ಬಂದಿತು. 1996ರಲ್ಲಿ ಆ ದೇಶದಲ್ಲಿ ಜಾರಿಗೆ ಬಂದ ರೋಗಿಗಳ ಹಕ್ಕುಗಳ ಸಂಹಿತೆಯು ಚಿಕಿತ್ಸೆಗೆ ಮಾತ್ರವಲ್ಲದೆ ಬೋಧನೆಗೂ ಅನ್ವಯಿಸುತ್ತದೆ. ಅಮೆರಿಕದ ಆರೋಗ್ಯ ಇಲಾಖೆಯು ಇಂಥ ಪರೀಕ್ಷೆಗಳಿಗೆ ಲಿಖಿತ ಸಮ್ಮತಿ ಪಡೆಯಬೇಕೆಂದು ಆಸ್ಪತ್ರೆಗಳಿಗೆ ಸೂಚಿಸಿದುದು 2024ರ ಏಪ್ರಿಲ್‌ನಲ್ಲಿ.

ನಮ್ಮ ಸರ್ವೋಚ್ಚ ನ್ಯಾಯಾಲಯವೂ 2008ರಲ್ಲಿ ಸ್ಪಷ್ಟವಾದ ತೀರ್ಪೊಂದನ್ನಿತ್ತಿದೆ. ರೋಗಪರೀಕ್ಷೆಗೆಂದು ಅರಿವಳಿಕೆ ಪಡೆದ ಮಹಿಳೆಯೊಬ್ಬರ ಗರ್ಭಕೋಶವನ್ನು, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆಯ ಮೇರೆಗೆ, ವೈದ್ಯರು ತೆಗೆದುಹಾಕಿದ್ದರು. ತುರ್ತು ಇಲ್ಲದಿರುವಾಗ ವಯಸ್ಕ ರೋಗಿಯ ಸ್ವಂತ ಸಮ್ಮತಿಯೇ ಬೇಕು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಕ್ರಿಯೆಗೆ ಸಲ್ಲದು ಎಂದಿತು ನ್ಯಾಯಾಲಯ. ಅದೇ ತರ್ಕವನ್ನು ಮುಂದುವರಿಸಿದರೆ, ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯು ಬೋಧನೆಗೆ ಕೊಟ್ಟ ಒಪ್ಪಿಗೆ ಹೇಗಾದೀತು?

ಕೇಳಿದರೆ ಎಲ್ಲರೂ ನಿರಾಕರಿಸುವರು, ಆಗ ಕಲಿಕೆ ನಿಂತುಹೋಗುವುದು ಎಂಬ ಆಕ್ಷೇಪಣೆಯುಂಟು. ಒಬ್ಬರು ನಿರಾಕರಿಸಿದರೆ ಮತ್ತೊಬ್ಬರು ಒಪ್ಪಿಯಾರು. ಮನವಿಟ್ಟು ಕೇಳಿದವರಿಗೆ ತಮ್ಮ ಕಷ್ಟದಿಂದ ನಾಲ್ವರಿಗೆ ಉಪಕಾರವಾಗಲೆನ್ನುವ ರೋಗಿಗಳು ವಿರಳರಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತವಲ್ಲವೇ ಎಂದು ಕೆಲವರು ಕೇಳಬಹುದು. ಬಡವನ ದೇಹವು ಚಿಕಿತ್ಸೆಗೆ ತೆರುವ ಶುಲ್ಕವಲ್ಲ.

ಕೇಳದಿರುವುದರಿಂದ ರೋಗಿಗೆ ಮಾತ್ರವೇ ಹಾನಿಯೆಂದು ಭಾವಿಸಬಾರದು. ಫಿಲಡೆಲ್ಫಿಯ ಪ್ರದೇಶದ 5 ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳನ್ನು ಪ್ರಶ್ನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಚಿಂತನೀಯವಾಗಿದೆ. ಸ್ತ್ರೀರೋಗ ವಿಭಾಗದ ತರಬೇತಿ ಮುಗಿಸಿದವರು, ಅದನ್ನಿನ್ನೂ ಮುಗಿಸದವರಿಗಿಂತ, ಇಂಥ ಸಮ್ಮತಿಗೆ ಕಡಮೆ ಮಹತ್ವ ಕೊಟ್ಟಿದ್ದರು! ಕೈ ಪಳಗುವಾಗಲೇ ಮನಸ್ಸು ಜಡ್ಡುಗಟ್ಟಿದ್ದರೆ ಆ ಶಿಕ್ಷಣ ಪೂರ್ಣವಾಯಿತೆನ್ನಬಹುದೇ? ಭಾರತದ ವೈದ್ಯಕೀಯ ಪಠ್ಯಕ್ರಮದಲ್ಲಿ 2019ರಿಂದ ನೀತಿ ಹಾಗೂ ಸಂವಹನದ ಪಾಠಗಳು ಸೇರಿರುವುದು ಸಂತೋಷದ ವಿಷಯ. ಆದರೆ ತರಗತಿಯಲ್ಲಿ ಕೇಳಿದ ಪಾಠಕ್ಕಿಂತ ವಾರ್ಡಿನಲ್ಲಿ ಕಂಡ ಗುರುವಿನ ನಡತೆಯೇ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುವುದು.

ವಾಚಕರಾದ ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ. "ಅಮ್ಮಾ, ನಾನಿನ್ನೂ ವಿದ್ಯಾರ್ಥಿ. ಕಲಿಯುವುದಕ್ಕಾಗಿ ನಿಮ್ಮನ್ನು ಪರೀಕ್ಷಿಸಬಹುದೇ? ಬೇಡವೆಂದರೂ ನಿಮ್ಮ ಚಿಕಿತ್ಸೆಗೆ ಕುಂದುಬಾರದು" ಎಂದು ಹೇಳಲು ಅರ್ಧ ನಿಮಿಷ ಸಾಕು. ನೀವು ಕಲಿಯಬೇಕಾದ ಮೊದಲನೆಯ ಪರೀಕ್ಷಾವಿಧಾನ ಅದೇ.