ಕೆಟ್ಟ ಚೀಟಿಯ ದಂಡ ಯಾರ ತಲೆಗೆ?

ಬಾಂದ್ರಾದ ಲಿಂಕಿಂಗ್ ರೋಡ್, ಹಿಲ್ ರೋಡ್ ಕಡೆಯ ಬಟ್ಟೆ ಅಂಗಡಿಗಳಲ್ಲಿ ದುಡಿಯುವ ನಮ್ಮವರು ಕೆಲವರು ಈಚೆಗೆ ಸಂಘದ ಕಛೇರಿಗೆ ಬಂದು ಒಂದು ದೂರನ್ನು ಹೇಳಿಕೊಂಡರು. ಅವರಲ್ಲೊಬ್ಬ ಯುವಕನು ಕೆಲಸ ಮಾಡುವ ಅಂಗಡಿಯ ಹಿಂದಿನ ಕೋಣೆಗೆ ಹೊಸ ಯಂತ್ರವೊಂದು ಬಂದಿದೆ. ಅದು ಬಟ್ಟೆಗೆ ಹಚ್ಚುವ ಚೀಟಿಯನ್ನು ಅಚ್ಚು ಹಾಕುವುದರ ಜತೆಗೆ ಚೀಟಿಯೊಳಗಿನ ಚಿಪ್‌ನಲ್ಲಿ ಒಂದು ಸಂಖ್ಯೆಯನ್ನೂ ಬರೆಯುತ್ತದೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಹೊಸ ಸುರುಳಿ ಹಾಕಿದ ಮೇಲೆ ಬಹುಪಾಲು ಚೀಟಿಗಳು ‘ವಾಯ್ಡ್’ ಎಂಬ ಅಚ್ಚು ಹೊತ್ತು ಹೊರಬಂದವು. ಅಂದರೆ ಅವು ಕೆಲಸಕ್ಕೆ ಬಾರದ ಚೀಟಿಗಳು. ತಿಂಗಳ ಕೊನೆಗೆ ಅವುಗಳ ಬೆಲೆಯನ್ನು ಆ ಯುವಕನ ಪಗಾರದಿಂದ ಮುರಿದುಕೊಳ್ಳಲಾಯಿತು. ಏಕೆಂದು ಕೇಳಿದ್ದಕ್ಕೆ, “ಯಂತ್ರದ ಮುಂದೆ ನಿಂತಿದ್ದವನು ನೀನೇ ತಾನೆ?” ಎಂಬ ಉತ್ತರ ಬಂತು.

ಆ ಅಂಗಡಿಯ ಹೆಸರು ಇಲ್ಲಿ ಬೇಡ. ಹೆಸರು ಹಿಡಿದು ಜಗಳ ತೆಗೆಯುವುದು ನಮ್ಮ ಉದ್ದೇಶವಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಪದ್ಧತಿ ಒಂದು ಅಂಗಡಿಯಿಂದ ಹತ್ತು ಅಂಗಡಿಗೆ ಹಬ್ಬುವ ಮೊದಲೇ ಅದರ ನ್ಯಾಯಾನ್ಯಾಯವನ್ನು ವಿಚಾರ ಮಾಡಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

ಈ ಚೀಟಿ ಎಂಥದೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. 2009ರ ಜೂನ್ 30ರಂದು ಉದ್ಘಾಟನೆಯಾದ ಬಾಂದ್ರಾ-ವರ್ಲಿ ಸಮುದ್ರ ಸೇತುವೆಯ ಟೋಲ್ ನಾಕಾದ ಬಳಿ ಒಂದು ಗಳಿಗೆ ನಿಂತರೆ ಸಾಕು. ಗಾಡಿಗಳ ಮುಂದಿನ ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್ ಇದೇ ಜಾತಿಯದು. ಅದರಲ್ಲಿ ಬ್ಯಾಟರಿಯಿಲ್ಲ. ಓದುವ ಯಂತ್ರ ಕಳಿಸುವ ರೇಡಿಯೋ ತರಂಗದಿಂದಲೇ ಶಕ್ತಿ ಪಡೆದು ಚಿಪ್ ತನ್ನ ಸಂಖ್ಯೆಯನ್ನು ತಿರುಗಿ ಹೇಳುತ್ತದೆ. ಆರ್.ಎಫ್.ಐ.ಡಿ. ಎಂಬ ದೊಡ್ಡ ಹೆಸರಿನ ಅರ್ಥ ಇಷ್ಟೇ: ರೇಡಿಯೋ ಮೂಲಕ ಗುರುತು ಹಿಡಿಯುವುದು. ಬಟ್ಟೆಯ ಚೀಟಿಯಲ್ಲಿಯೂ ಕಾಗದದ ಅಡಿಯಲ್ಲಿ ತೆಳುವಾದ ಲೋಹದ ಆಂಟೆನಾ ಇದೆ. ಅದರ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ಚಿಪ್ ಇದೆ. ಬಾರ್‌ಕೋಡ್ ಚೀಟಿಯನ್ನಾದರೆ ಒಂದೊಂದಾಗಿ ಯಂತ್ರದ ಕಣ್ಣಿಗೆ ಹಿಡಿಯಬೇಕು. ಇದನ್ನು ಪೆಟ್ಟಿಗೆ ಬಿಚ್ಚದೆಯೇ ಹತ್ತಾರು ಒಟ್ಟಿಗೆ ಓದಬಹುದು. ವರ್ಷದ ಸ್ಟಾಕ್ ಎಣಿಕೆಗೆ ರಾತ್ರಿಯಿಡೀ ನಿದ್ದೆಗೆಟ್ಟವರಿಗೆ ಇದರ ಉಪಕಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಯಂತ್ರವೇ ಬೇಡವೆಂದು ವಾದಿಸುವವರ ಸಾಲಿಗೆ ನಾವು ಸೇರಿದವರಲ್ಲ.

ಆದರೆ ಬಾರ್‌ಕೋಡ್ ಚೀಟಿಗೆ ಪೈಸೆಯ ಲೆಕ್ಕ, ಇದಕ್ಕೆ ರೂಪಾಯಿಯ ಲೆಕ್ಕ. ಅದೇ ಈ ಜಗಳದ ಮೂಲ. ಚೀಟಿ ಕೆಡುವುದು ಹೇಗೆಂದು ತಿಳಿದರೆ ತಪ್ಪು ಯಾರದೆಂಬುದು ತಾನಾಗಿ ತಿಳಿಯುತ್ತದೆ.

ಈ ಪ್ರಿಂಟರ್‌ನೊಳಗೆ ಒಂದು ಸಣ್ಣ ಆಂಟೆನಾ ಇರುತ್ತದೆ. ಚೀಟಿ ಅದರ ಸಮೀಪಕ್ಕೆ ಬಂದಾಗ ಯಂತ್ರ ಚಿಪ್‌ನಲ್ಲಿ ಸಂಖ್ಯೆ ಬರೆದು, ಬರೆದದ್ದು ಸರಿಯಾಯಿತೇ ಎಂದು ನೋಡಿಕೊಳ್ಳುತ್ತದೆ. ಸರಿಯಾಗಿದ್ದರೆ ಬೆಲೆ, ಅಳತೆ ಮುಂತಾದವನ್ನು ಅಚ್ಚು ಹಾಕುತ್ತದೆ. ಆಗದಿದ್ದರೆ ‘ವಾಯ್ಡ್’ ಎಂದು ಅಚ್ಚೊತ್ತಿ ಮುಂದಿನ ಚೀಟಿಗೆ ಕೈ ಹಾಕುತ್ತದೆ. ಈ ಚಿಪ್‌ನಲ್ಲಿ ಬರೆಯಲು ತನ್ನಿಂದ ಆಗಲಿಲ್ಲವೆಂದು ಯಂತ್ರವೇ ಒಪ್ಪಿಕೊಳ್ಳುವ ಮಾತು ಅದು. ಅದನ್ನು ಕೆಲಸಗಾರನ ತಪ್ಪೊಪ್ಪಿಗೆಯೆಂದು ಓದುವುದು ಯಾವ ನ್ಯಾಯ?

ಬರೆಯಲು ಆಗದಿರುವುದಕ್ಕೆ ಕಾರಣಗಳು ಹಲವು. ಮೊದಲನೆಯದು, ಚಿಪ್ ಇರುವ ಜಾಗ. ಒಬ್ಬ ತಯಾರಕನ ಚೀಟಿಯಲ್ಲಿ ಅದು ನಡುವೆ ಇದ್ದರೆ ಇನ್ನೊಬ್ಬನ ಚೀಟಿಯಲ್ಲಿ ಅಂಚಿಗೆ ಇರುತ್ತದೆ. ಬೇರೆ ಜಾತಿಯ ಸುರುಳಿ ಹಾಕಿದಾಗ, ಎರಡು ಚೀಟಿಗಳ ನಡುವಿನ ಸಂದನ್ನು ಗುರುತಿಸಲು ಒಂದು ಕ್ಯಾಲಿಬ್ರೇಶನ್, ಚಿಪ್‌ನ ಜಾಗವನ್ನೂ ರೇಡಿಯೋ ಶಕ್ತಿಯನ್ನೂ ಹೊಂದಿಸಲು ಇನ್ನೊಂದು, ಹೀಗೆ ಎರಡನ್ನೂ ಮಾಡಬೇಕು. ಮೊದಲನೆಯದನ್ನು ಮಾತ್ರ ಮಾಡಿದರೆ ಅಚ್ಚು ಚೆನ್ನಾಗಿ ಬೀಳುತ್ತದೆ, ಚಿಪ್ ಮಾತ್ರ ಖಾಲಿ ಉಳಿಯುತ್ತದೆ. ನಮ್ಮ ಯುವಕನ ಅಂಗಡಿಯಲ್ಲಿ ಆದದ್ದು ಇದೇ. ಅಗ್ಗವೆಂದು ಬೇರೆ ಕಡೆಯ ಸುರುಳಿಯನ್ನು ತರಿಸಿದ್ದರು. ಎರಡನೆಯ ಕ್ಯಾಲಿಬ್ರೇಶನ್ ಎಂಬುದೊಂದಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಎರಡನೆಯದು, ರೇಡಿಯೋ ಶಕ್ತಿಯ ಪ್ರಮಾಣ. ಕಡಿಮೆಯಾದರೆ ಚಿಪ್ ಎಚ್ಚರಗೊಳ್ಳುವುದಿಲ್ಲ. ಹೆಚ್ಚಾದರೆ ಪಕ್ಕದ ಚೀಟಿಯ ಚಿಪ್ ಕೂಡ ‘ನಾನಿದ್ದೇನೆ’ ಎನ್ನುತ್ತದೆ. ಮೂರನೆಯದು, ದೇಶದ ತರಂಗಾಂತರ. ನಮ್ಮ ಸರಕಾರ 2005ರಲ್ಲಿ ಇಂಥ ಉಪಕರಣಗಳಿಗೆ 865ರಿಂದ 867 ಮೆಗಾಹರ್ಟ್ಸ್ ವರೆಗಿನ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಅಮೇರಿಕದಲ್ಲಿ ಬಳಸುವ ಪಟ್ಟಿ 902ರಿಂದ 928. ಅಲ್ಲಿಗಾಗಿ ಹೊಂದಿಸಿದ ಯಂತ್ರವನ್ನು ಇಲ್ಲಿಗೆ ತಂದು, ಇಲ್ಲಿಗೆ ತಕ್ಕಂತೆ ಹೊಂದಿಸದೆ ಚಾಲೂ ಮಾಡಿದರೆ ಕಾಯಿದೆಯೂ ತಪ್ಪುತ್ತದೆ, ಕೆಲಸವೂ ಕೆಡಬಹುದು. ನಾಲ್ಕನೆಯದು, ಕಛೇರಿಯ ಕಂಪ್ಯೂಟರ್ ಕಳಿಸುವ ಸಂಖ್ಯೆ. ಸಾಮಾನ್ಯವಾಗಿ ಈ ಚಿಪ್‌ನಲ್ಲಿ ಬರೆಯುವ ಗುರುತಿನ ಸಂಖ್ಯೆ 96 ಬಿಟ್‌ಗಳದು, ಅಂದರೆ ಕಂಪ್ಯೂಟರಿನ ಹದಿನಾರರ ಲೆಕ್ಕದಲ್ಲಿ 24 ಅಕ್ಷರಗಳು. ಕಳಿಸಿದ ಸಂಖ್ಯೆ ಈ ಅಳತೆಗೆ ಹೊಂದದಿದ್ದರೆ ಯಂತ್ರದ ಮುಂದೆ ನಿಂತವನು ಏನು ಮಾಡಬಲ್ಲ? ಇನ್ನು ಕಾರ್ಖಾನೆಯಿಂದಲೇ ಸತ್ತು ಬಂದ ಚಿಪ್‌ಗಳೂ ಉಂಟು.

ವಾಯ್ಡ್ ಆದ ಚೀಟಿಗಿಂತ ಕೆಟ್ಟದ್ದು ಇನ್ನೊಂದಿದೆ. ಅದು ತಪ್ಪು ಸಂಖ್ಯೆ ಹೊತ್ತು ಸರಿಯೆಂದು ಹೊರಬಂದ ಚೀಟಿ. ಶಕ್ತಿ ಹೆಚ್ಚಾಗಿ ಪಕ್ಕದ ಚಿಪ್‌ಗೆ ಬರೆದುಬಿಟ್ಟರೆ, ಅಥವಾ ಕೆಲಸ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಶುರುವಾಗಿ ಎರಡು ಅಂಗಿಗಳಿಗೆ ಒಂದೇ ಸಂಖ್ಯೆ ಬಿದ್ದರೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಬಾಗಿಲಲ್ಲಿ ಇಂಥ ಚೀಟಿಯನ್ನು ಓದುವ ಯಂತ್ರವಿರುವ ಅಂಗಡಿಗಳಲ್ಲಿ, ಹಣ ಕೊಟ್ಟು ಹೊರಟ ಗಿರಾಕಿಯ ಚೀಲದ ಮೇಲೆ ಗಂಟೆ ಬಾರಿಸುತ್ತದೆ. ಆ ಮರ್ಯಾದಸ್ಥ ಗಿರಾಕಿಗೆ ನಾಲ್ಕು ಜನರೆದುರು ಅವಮಾನ, ವಾಚ್‌ಮನ್‌ಗೆ ಬೈಗುಳ. ವರ್ಷದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಗೋದಾಮಿನವರ ಮೇಲೆ ಕಳವಿನ ಸಂಶಯ. ಆದುದರಿಂದ ಹೊಸ ಸುರುಳಿ ಹಾಕಿದಾಗಲೂ, ನಡುವೆ ಕೆಲಸ ನಿಂತಾಗಲೂ, ಮೊದಲ ಕೆಲವು ಚೀಟಿಗಳನ್ನು ಕೈಯಲ್ಲಿ ಹಿಡಿಯುವ ರೀಡರ್‌ನಿಂದ ಓದಿ, ಅಚ್ಚಾದ ಸಂಖ್ಯೆಯೊಂದಿಗೆ ತಾಳೆ ನೋಡುವುದು ಅತ್ಯವಶ್ಯ. ಐದು ನಿಮಿಷದ ಕೆಲಸ. ಅದು ಒಬ್ಬ ಬಡವನ ಹೆಸರನ್ನು ಉಳಿಸಬಲ್ಲದು.

ಹೀಗೆಂದು ಕೆಲಸಗಾರರ ತಪ್ಪೇ ಇರುವುದಿಲ್ಲವೆಂದು ನಾವು ಹೇಳಿದರೆ ಅದು ಪಕ್ಷಪಾತವಾದೀತು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಗೆ ನಾವು ಗುರಿಯಾಗಬಾರದು. ಪ್ರಿಂಟ್ ಹೆಡ್ ಈ ಯಂತ್ರದ ಅತಿ ಸೂಕ್ಷ್ಮವಾದ ಭಾಗ. ಅಂಟು ಹಿಡಿದಿದೆಯೆಂದು ಅದನ್ನು ಬ್ಲೇಡಿನಿಂದ ಕೆರೆಯುವವರಿದ್ದಾರೆ. ಬೆರಳಿನ ಉಂಗುರ ತಾಗಿಸುವವರಿದ್ದಾರೆ. ಒಂದು ಗೀರು ಬಿದ್ದರೆ ಮುಂದೆ ಪ್ರತಿ ಚೀಟಿಯ ಮೇಲೂ ಉದ್ದಕ್ಕೆ ಬಿಳಿ ಗೆರೆ ಮೂಡುತ್ತದೆ. ಸುರುಳಿ ಬದಲಿಸುವಾಗಲೆಲ್ಲ ಹೆಡ್ ತಣಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ತೊಯಿಸಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಚೀಟಿಯನ್ನು ಒತ್ತುವ ರಬ್ಬರ್ ರೋಲರನ್ನೂ ಒರೆಸಬೇಕು. ರಿಬ್ಬನ್ ಚೀಟಿಗಿಂತ ತುಸು ಅಗಲವಿದ್ದರೆ ಹೆಡ್‌ಗೆ ರಕ್ಷಣೆ. ಚಿಪ್ ಇರುವಲ್ಲಿ ಚೀಟಿ ಸ್ವಲ್ಪ ಉಬ್ಬಿರುವುದರಿಂದ ಒತ್ತಡವನ್ನೂ ಶಾಖವನ್ನೂ, ಅಕ್ಷರ ಸ್ಪಷ್ಟವಾಗಿ ಬೀಳಲು ಎಷ್ಟು ಬೇಕೋ ಅಷ್ಟಕ್ಕೇ ಇಡಬೇಕು. ಮುಂಬಯಿಯ ಮಳೆಗಾಲದಲ್ಲಿ ಸುರುಳಿಗಳನ್ನು ಗೋಡೆಗೆ ತಾಗಿಸಿ ಬರಿಯ ನೆಲದ ಮೇಲೆ ಇಡಬಾರದು. ಬೇಕಾಗುವವರೆಗೆ ಚೀಲದ ಬಾಯಿ ಬಿಚ್ಚಬಾರದು. ಇವಿಷ್ಟೂ ನಮ್ಮ ಕೈಯಲ್ಲಿರುವ ಕೆಲಸ. ಇದನ್ನು ಮಾಡಿದವನಿಗೆ ಎದೆ ತಟ್ಟಿ ಮಾತಾಡುವ ಹಕ್ಕು ಇರುತ್ತದೆ.

ಆದರೆ ಒರೆಸಲು ಸಮಯ ಬೇಕು. ಗಿರಾಕಿಗಳ ಗದ್ದಲದಲ್ಲಿ “ಬೇಗ ತೆಗಿ, ಬೇಗ ತೆಗಿ” ಎಂದು ಅವಸರಿಸಿ, ಸಂಜೆಗೆ ಹೆಡ್ ಕೆಟ್ಟಿತೆಂದು ಗದರಿಸಿದರೆ ಪ್ರಯೋಜನವೇನು? ಹೆಡ್ ಎಂಬುದು ಚೆನ್ನಾಗಿ ನೋಡಿಕೊಂಡರೂ ಬಳಸುತ್ತ ಸವೆಯುವ ವಸ್ತು; ನಮ್ಮ ಕಾಲಿನ ಚಪ್ಪಲಿಯಂತೆ. ಅದರ ಬದಲಿಯ ಖರ್ಚು ವ್ಯಾಪಾರದ ಖರ್ಚೇ ಹೊರತು ನೌಕರನ ಸಾಲವಲ್ಲ.

ಮುಂಬಯಿಯ ಹಳೆಯ ಗಿರಣಿ ಕಾಮಗಾರರಿಗೆ ಈ ಕಥೆ ಹೊಸದಲ್ಲ. ಒಂದು ಕಾಲಕ್ಕೆ ಇಲ್ಲಿಯ ಬಟ್ಟೆಗಿರಣಿಗಳಲ್ಲಿ ನೇಯ್ಗೆ ಕೆಟ್ಟ ಬಟ್ಟೆಯನ್ನು ನೇಕಾರನ ತಲೆಗೇ ಕಟ್ಟಿ ಅದರ ಬೆಲೆಯನ್ನು ಪಗಾರದಿಂದ ಮುರಿಯುವ ಪದ್ಧತಿ ಇತ್ತು. ನೂಲು ಕಳಪೆಯಾಗಿದ್ದರೂ, ಮಗ್ಗ ಹಳೆಯದಾಗಿದ್ದರೂ ದಂಡ ಮಾತ್ರ ನೇಕಾರನಿಗೆ. ಇಂಥ ದಂಡ, ಕಡಿತಗಳ ವಿಷಯವನ್ನು ವಿಚಾರಿಸಿದ ರಾಯಲ್ ಕಮಿಷನ್ 1931ರಲ್ಲಿ ವರದಿ ಕೊಟ್ಟಿತು. 1936ರಲ್ಲಿ ವೇತನ ಪಾವತಿ ಕಾಯಿದೆ ಬಂತು. ವಶಕ್ಕೆ ಒಪ್ಪಿಸಿದ ಸರಕಿನ ನಷ್ಟಕ್ಕೆ ಪಗಾರ ಮುರಿಯಬೇಕಾದರೆ ಆ ನಷ್ಟ ನೇರವಾಗಿ ನೌಕರನ ಅಲಕ್ಷ್ಯದಿಂದಲೇ ಆಗಿರಬೇಕು, ಮೊದಲು ಅವನ ಮಾತನ್ನು ಕೇಳಿರಬೇಕು ಎಂದು ಆ ಕಾಯಿದೆ ಕಟ್ಟು ಮಾಡಿತು. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಆ ಹೋರಾಟದಿಂದ ದೊರೆತ ನ್ಯಾಯ ಮುಚ್ಚಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಅದೇ ಕಟ್ಟು ಉಳಿದಿದೆ. ನಷ್ಟಕ್ಕಿಂತ ಹೆಚ್ಚು ಮುರಿಯುವಂತಿಲ್ಲ. ಎಲ್ಲ ಕಡಿತಗಳೂ ಸೇರಿ ಪಗಾರದ ಅರ್ಧವನ್ನು ಮೀರುವಂತಿಲ್ಲ. ಅನ್ಯಾಯದ ಕಡಿತವಾದರೆ ಮೂರು ವರ್ಷಗಳೊಳಗೆ ಅರ್ಜಿ ಹಾಕಬಹುದು.

ಹಾಗಿದ್ದರೆ ಆ ಯುವಕನ ಮಾತನ್ನು ಯಾರು ಕೇಳಿದರು? ಅವನ ಅಲಕ್ಷ್ಯವನ್ನು ಯಾವ ದಾಖಲೆಯಿಂದ ತೋರಿಸಿದರು? ಅಂದು ಕೆಟ್ಟ ಬಟ್ಟೆ, ಇಂದು ಕೆಟ್ಟ ಚೀಟಿ. ಹೆಸರು ಬದಲಾಗಿದೆ, ದಂಡ ಹಳೆಯದೇ.

“ದಂಡವಿಲ್ಲದಿದ್ದರೆ ಹುಡುಗರು ಚೀಟಿಗಳನ್ನು ಹಾಳುಮಾಡುತ್ತಾರೆ, ನಷ್ಟ ನಾವು ಹೊರಬೇಕೇ?” ಎಂದು ಕೆಲವು ಧಣಿಗಳು ಕೇಳಿಯಾರು. ಪ್ರಶ್ನೆ ಸಹಜವಾದುದೇ. ನಮ್ಮ ಉತ್ತರ ಇಷ್ಟು. ದಂಡಕ್ಕೆ ಹೆದರಿದವನು ವಾಯ್ಡ್ ಚೀಟಿಯನ್ನು ಬುಟ್ಟಿಯ ತಳಕ್ಕೆ ಸೇರಿಸುತ್ತಾನೆ. ಯಂತ್ರದ ಕಾಯಿಲೆ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ. ಅದರ ಬದಲು ಪ್ರತಿ ಯಂತ್ರದ ಬಳಿ ಒಂದು ವಹಿ ಇರಲಿ. ತಾರೀಕು, ಸುರುಳಿಯ ಜಾತಿ, ಕ್ಯಾಲಿಬ್ರೇಶನ್ ಮಾಡಿದ ಹೊತ್ತು, ಕೆಟ್ಟ ಚೀಟಿಗಳ ಎಣಿಕೆ, ಹೆಡ್ ಒರೆಸಿದವರ ಸಹಿ, ಇಷ್ಟನ್ನು ಅದರಲ್ಲಿ ಬರೆಯಲಿ. ಎರಡು ತಿಂಗಳ ವಹಿ ನೋಡಿದರೆ ದೋಷ ಸುರುಳಿಯದೋ, ಯಂತ್ರದ್ದೋ, ಕಂಪ್ಯೂಟರಿನದೋ, ಮನುಷ್ಯನದೋ ಎಂಬುದು ಧಣಿಗಳಿಗೇ ತಿಳಿಯುತ್ತದೆ. ಸುರುಳಿಯದಾದರೆ ಮಾರಿದವನಿಂದ ಪರಿಹಾರ ಕೇಳಲು ಆ ವಹಿಯೇ ಸಾಕ್ಷಿ. ಜತೆಗೆ, ಯಂತ್ರ ನಡೆಸುವವನಿಗೆ ಕ್ಯಾಲಿಬ್ರೇಶನ್ ಮಾಡುವ ಅಧಿಕಾರವನ್ನೂ ಪಾಸ್‌ವರ್ಡನ್ನೂ ಕೊಡಬೇಕು. ಅದರ ಪುಸ್ತಕವನ್ನು ಮ್ಯಾನೇಜರರ ಕಪಾಟಿನಲ್ಲಿ ಬೀಗ ಹಾಕಿಡಬಾರದು. ಒರೆಸುವ, ಹೊಂದಿಸುವ ಹೊತ್ತನ್ನು ಕೆಲಸದ ಹೊತ್ತೆಂದೇ ಎಣಿಸಬೇಕು. ಈ ಕೆಲಸ ಬಲ್ಲವನು ಬರಿಯ ‘ಹೆಲ್ಪರ್’ ಅಲ್ಲ. ಅವನ ಪಗಾರವೂ ಹಾಗೆಯೇ ನಿರ್ಧಾರವಾಗಬೇಕು.

ನಮ್ಮ ಪಾಲಿನ ಕರ್ತವ್ಯವೂ ಇದೆ. ಹಗಲೆಲ್ಲ ಹೊಟೇಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳ ಬೆಂಚಿನ ಮೇಲೆ ಕೂತು ಅಕ್ಷರ ಕಲಿತ ಹಿರಿಯರ ಮಕ್ಕಳು, ಮೊಮ್ಮಕ್ಕಳು ನಾವು. ಅವರಿಗೆ ಕಷ್ಟವಾಗದ್ದು ನಮಗೇಕೆ ಕಷ್ಟವಾಗಬೇಕು? ಈ ಯಂತ್ರ ಬಲ್ಲ ನಾಲ್ಕು ಜನ ನಮ್ಮಲ್ಲಿಯೇ ಇದ್ದಾರೆ. ರವಿವಾರ ಎರಡು ಗಂಟೆ ಸಂಘದ ಕೋಣೆಯಲ್ಲಿ ಕೂತು ಅವರು ಉಳಿದವರಿಗೆ ಹೇಳಿಕೊಡಲಿ. ಯಂತ್ರದ ಮೇಲಿನ ಗೋಡೆಗೆ ತೂಗಹಾಕಲು ಕನ್ನಡದಲ್ಲಿ ಒಂದು ಪುಟದ ಸೂಚನಾಪತ್ರವನ್ನು ಸಿದ್ಧಪಡಿಸೋಣ. ಧಣಿಗಳು ವಹಿ ಇಡದಿದ್ದರೆ ನಾವೇ ನಾಲ್ಕಾಣೆಯ ಕಾಲದ ಅಜ್ಜಂದಿರಂತೆ ಒಂದು ನೋಟುಬುಕ್ಕಿನಲ್ಲಿ ದಿನದಿನದ ಲೆಕ್ಕ ಬರೆದಿಡೋಣ.

ಆ ಯುವಕನ ವಿಷಯದಲ್ಲಿ ಮೊದಲು ಧಣಿಗಳೊಂದಿಗೆ ಮಾತಾಡುವುದೇ ಸರಿಯಾದ ದಾರಿ. ಸಮಾಧಾನದ ಮಾತಿಗೆ ಕಿವಿಗೊಡುವವರು ಅಂಗಡಿಗಳಲ್ಲಿಯೂ ಇದ್ದಾರೆಂಬ ನಂಬಿಕೆ ನಮಗಿದೆ. ಅದರಿಂದ ಆಗದಿದ್ದರೆ ಕಾರ್ಮಿಕ ಆಯುಕ್ತರ ಕಛೇರಿಯಿರುವ ಕಾಮಗಾರ ಭವನ ಇದೇ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿದೆ. ಲಿಂಕಿಂಗ್ ರೋಡಿನಿಂದ ಬಹಳ ದೂರವೇನಲ್ಲ. ಅಲ್ಲಿಗೆ ಹೋಗುವಾಗ ಬರಿಗೈಯಲ್ಲಿ ಹೋಗದೆ ನಮ್ಮ ನೋಟುಬುಕ್ಕನ್ನು ಹಿಡಿದುಕೊಂಡು ಹೋಗುವಂತಾಗಲಿ ಎಂಬುದೇ ಬಂಧುಗಳಲ್ಲಿ ನಮ್ಮ ವಿನಂತಿ.