ಅಜ್ಜಿಯ ಮಾಂಬಳ

ನಾವು ದುಬೈಗೆ ಬಂದು 11 ವರ್ಷವಾಯಿತು. ಇಲ್ಲಿ ಶಾಲೆಗೆ ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ನಾವು ಉಡುಪಿಗೆ ಹೋಗುವಷ್ಟರಲ್ಲಿ ಅಲ್ಲಿ ಜಡಿಮಳೆ, ಮಾವಿನ ಕಾಲ ಮುಗಿದಿರುತ್ತದೆ. ಎಂಟು ವರ್ಷದ ನನ್ನ ಮಗಳು ಅಜ್ಜಿಮನೆಯ ಮರದಲ್ಲಿ ಹಣ್ಣು ಕಂಡದ್ದೇ ಇಲ್ಲ. ಅದಕ್ಕೇ ನನ್ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಮಾವಿನ ರಸವನ್ನು ಚಾಪೆಯ ಮೇಲೆ ಹರಡಿ, ಒಣಗಿಸಿ, ಮಾಂಬಳ ಮಾಡಿ ಅವಳಿಗೆಂದು ಡಬ್ಬಿಯಲ್ಲಿ ಎತ್ತಿಡುತ್ತಾರೆ.

ಕಳೆದ ರಜೆಯಲ್ಲಿ ಮಾಂಬಳ ಚೀಪುತ್ತಾ ಮಗಳು ಕೇಳಿದಳು: “ಅಮ್ಮಾ, ನಾವು ಮನೆಗೆ ಹೋಗುವುದು ಯಾವಾಗ?”

ಅಜ್ಜಿಯ ಕೈ ಡಬ್ಬಿಯ ಮುಚ್ಚಳದ ಮೇಲೇ ನಿಂತಿತು.

ತಪ್ಪು ಮಗಳದ್ದಲ್ಲ. ಅವಳ ಗೆಳತಿಯರು, ಸೈಕಲ್ಲು, ಶಾಲೆ ಎಲ್ಲ ದುಬೈಯಲ್ಲೇ. ಅಜ್ಜಿಮನೆಯ ಹೊಸ ಮಾಡಿಗೆ ಹಣ ಬಂದದ್ದೂ ಇಲ್ಲಿಂದಲೇ. ಆದರೆ ನಮ್ಮ ವಾಸ ಅವಳಪ್ಪನ ಕೆಲಸ, ವೀಸಾ ಇರುವಷ್ಟು ದಿನ ಮಾತ್ರ. ಅವಳು ಮನೆ ಅನ್ನುವ ಊರನ್ನು ಒಂದು ದಿನ ಬಿಡಲೇಬೇಕು. ಅದನ್ನು ಅವಳಿಗೆ ಹೇಳಲು ನನಗಿನ್ನೂ ಬಾಯಿ ಬಂದಿಲ್ಲ.

“ಇದೂ ನಿನ್ನ ಮನೆಯೇ ಮಗಾ” ಎಂದು ಅಜ್ಜಿ ಇನ್ನೊಂದು ತುಂಡು ಕೊಟ್ಟರು.

ಬರುವ ಮೇ ತಿಂಗಳಲ್ಲಿ ಶಾಲೆಗೆ ಒಂದು ವಾರ ರಜೆ ಹಾಕಿಸುತ್ತೇನೆ. ಆ ಮರದ ಹಣ್ಣನ್ನು ಅವಳು ತಾನೇ ಹೆಕ್ಕಲಿ.